ಅಂಗಾಂಗ ಪಡೆಯುವ ಹೊತ್ತಿನಲ್ಲಿ ಮಿದುಳಿನ ನಿಗಾ: ನೋಡಬೇಕಾದದ್ದು ಅಲೆಗಳನ್ನೋ, ರಕ್ತದ ಹರಿವನ್ನೋ?

ಹೃದಯ ನಿಂತು ವೈದ್ಯರು ಮರಣ ಘೋಷಿಸಿದ ಕೆಲವೇ ನಿಮಿಷಗಳಲ್ಲಿ, ಅದೇ ದೇಹದೊಳಗೆ ಯಂತ್ರದ ನೆರವಿನಿಂದ ರಕ್ತ ಸಂಚಾರವನ್ನು ಮತ್ತೆ ಶುರುಮಾಡಿ, ಲಿವರ್, ಮೂತ್ರಪಿಂಡ ಮತ್ತು ಕೆಲವು ಕಡೆ ಹೃದಯವನ್ನು ಸಹ ಕಸಿಗೆ ಯೋಗ್ಯವಾದ ಸ್ಥಿತಿಗೆ ತರುವ ವಿಧಾನವೊಂದು ಸ್ಪೇನ್, ಫ್ರಾನ್ಸ್, ಇಟಲಿ, ಬ್ರಿಟನ್ ಮತ್ತು ಅಮೆರಿಕದಲ್ಲಿ ಬಳಕೆಗೆ ಬಂದಿದೆ. ನಾರ್ಮೋಥರ್ಮಿಕ್ ರೀಜನಲ್ ಪರ್ಫ್ಯೂಷನ್, ಚಿಕ್ಕದಾಗಿ ಎನ್‌ಆರ್‌ಪಿ ಎಂದು ಕರೆಯುವ ಈ ವಿಧಾನದಲ್ಲಿ, ದೇಹದ ಹೊರಗಿದ್ದು ಹೃದಯ ಮತ್ತು ಶ್ವಾಸಕೋಶದ ಕೆಲಸ ಮಾಡುವ ಎಕ್ಮೊ ಮಾದರಿಯ ಯಂತ್ರವು ರಕ್ತಕ್ಕೆ ಆಮ್ಲಜನಕ ಸೇರಿಸಿ, ಸಹಜ ಉಷ್ಣತೆಯಲ್ಲೇ, ದೇಹದ ಒಂದು ಭಾಗಕ್ಕೆ ಮಾತ್ರ ಅದನ್ನು ಹರಿಸುತ್ತದೆ. ಆ ಭಾಗದಿಂದ ಹೊರಗೆ ಉಳಿಯಲೇಬೇಕಾದ ಅಂಗವೆಂದರೆ ಮಿದುಳು. ಮಿದುಳಿಗೆ ರಕ್ತ ಹೋಗಲಿಲ್ಲ, ಅಲ್ಲಿ ಯಾವ ಚಟುವಟಿಕೆಯೂ ಮರಳಲಿಲ್ಲ ಎಂಬುದನ್ನು ಆಪರೇಷನ್ ಥಿಯೇಟರಿನಲ್ಲಿ ಅಳೆದು ನೋಡಬೇಕೆ, ಅಳೆಯುವುದಾದರೆ ಯಾವುದರಿಂದ, ಅಳತೆಯಲ್ಲಿ ಏನಾದರೂ ಕಂಡರೆ ಮುಂದೇನು ಎಂಬ ಪ್ರಶ್ನೆಗಳು ಕಸಿ ವೈದ್ಯರ ವಲಯವನ್ನು ದಾಟಿ ಈಗ ಸಾರ್ವಜನಿಕ ಚರ್ಚೆಗೆ ಬಂದಿವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಗಾ ಇಡಲೇಬೇಕು, ಆದರೆ ಮಿದುಳಿನ ವಿದ್ಯುತ್ ಅಲೆಗಳಿಗಿಂತ ಮೊದಲು ಮಿದುಳಿನ ಕಡೆಗೆ ಹೋಗುವ ರಕ್ತದ ಮೇಲೆ ನಿಗಾ ಇರಬೇಕು, ಮತ್ತು ಏನು ಕಂಡರೆ ಕೆಲಸ ನಿಲ್ಲಿಸಬೇಕು ಎಂಬುದು ದೇಹಕ್ಕೆ ಕತ್ತರಿ ತಾಗುವ ಮೊದಲೇ ಬರಹದಲ್ಲಿ ಇರಬೇಕು.

ಮರಣಾನಂತರದ ಅಂಗಾಂಗ ದಾನದಲ್ಲಿ ಎರಡು ಬಗೆಗಳಿವೆ. ಕರ್ನಾಟಕದಲ್ಲಿ ನಮಗೆ ಪರಿಚಿತವಾದದ್ದು ಮಿದುಳು ನಿಷ್ಕ್ರಿಯಗೊಂಡವರ ದಾನ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿದ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದಾಗ ಈ ಬಗೆಯ ದಾನದ ಸುದ್ದಿ ರಾಜ್ಯದ ಮನೆಮನೆಗೆ ತಲುಪಿತು. ಭಾರತದ 1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿಯು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷೆ ನಡೆಸಿ ಮಿದುಳು ಕಾಂಡದ ಮರಣವನ್ನು ದೃಢಪಡಿಸಬೇಕು. ಕಣ್ಣಿನ ಪಾಪೆ ಬೆಳಕಿಗೆ ಕಿರಿದಾಗುವುದೆ, ಗಂಟಲಿಗೆ ನಳಿಕೆ ತಾಗಿದಾಗ ಕೆಮ್ಮು ಬರುವುದೆ, ವೆಂಟಿಲೇಟರ್ ಬಿಡಿಸಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಲು ಬಿಟ್ಟಾಗಲೂ ಉಸಿರೆಳೆಯುವ ಯತ್ನ ಕಾಣುವುದೆ ಎಂದು ನೋಡುವ ಈ ಪರೀಕ್ಷೆಗಳು ಹಾಸಿಗೆಯ ಪಕ್ಕದಲ್ಲೇ ನಡೆಯುತ್ತವೆ, ಮಿದುಳಿನ ವಿದ್ಯುತ್ ಅಲೆಗಳನ್ನು ಗೆರೆಯಾಗಿ ದಾಖಲಿಸುವ ಇಇಜಿ ಕಡ್ಡಾಯವಲ್ಲ. ಇಂಥ ದಾನಿಗಳ ದೇಹದಿಂದ ಅಂಗಾಂಗ ತೆಗೆಯುವಾಗ ರಕ್ತದೊತ್ತಡ ದಿಢೀರನೆ ಏರುವುದು, ಕೈ ಅಲುಗುವುದು ಮುಂತಾದವು ಕಾಣಿಸುವುದುಂಟು. ನೋಡಿದವರು ಬೆಚ್ಚುವುದು ಸಹಜವಾದರೂ ಅವು ಬೆನ್ನುಹುರಿಯ ಮಟ್ಟದಲ್ಲಿ ಹುಟ್ಟುವ ಪ್ರತಿವರ್ತನೆಗಳು. ಮಿದುಳಿನ ಮರಣವನ್ನು ಅಲ್ಲಿ ಮೊದಲೇ ಪ್ರತ್ಯೇಕವಾಗಿ ಪರೀಕ್ಷಿಸಿ ಆಗಿರುತ್ತದೆ. ಈ ಲೇಖನದ ಪ್ರಶ್ನೆ ನಿಜವಾಗಿ ಏಳುವುದು ಎರಡನೆಯ ಬಗೆಯ ದಾನದಲ್ಲಿ.

ಆ ಎರಡನೆಯ ಬಗೆಯಲ್ಲಿ ರೋಗಿಯ ಮಿದುಳು ಪೂರ್ತಿ ನಿಷ್ಕ್ರಿಯವಾಗಿರುವುದಿಲ್ಲ, ಆದರೆ ಚೇತರಿಕೆಯ ಭರವಸೆ ಉಳಿದಿರುವುದಿಲ್ಲ. ಕುಟುಂಬದ ಒಪ್ಪಿಗೆಯಿಂದ ವೆಂಟಿಲೇಟರ್ ತೆಗೆಯುತ್ತಾರೆ, ಹೃದಯ ತಾನಾಗಿ ನಿಲ್ಲುವವರೆಗೆ ಕಾಯುತ್ತಾರೆ, ನಿಂತ ಮೇಲೆ ಯಾರೂ ದೇಹವನ್ನು ಮುಟ್ಟದೆ ಮತ್ತಷ್ಟು ಹೊತ್ತು ಕಾದು ಮರಣ ಘೋಷಿಸುತ್ತಾರೆ. ಈ ಕಾಯುವ ಹೊತ್ತು ದೇಶದಿಂದ ದೇಶಕ್ಕೆ ಬೇರೆ: ಅಮೆರಿಕದಲ್ಲಿ ಎರಡರಿಂದ ಐದು ನಿಮಿಷ, ಬ್ರಿಟನ್ನಿನಲ್ಲಿ ಐದು, ಇಟಲಿಯಲ್ಲಿ ಕಾನೂನಿನ ಪ್ರಕಾರ 20. ಅಮೆರಿಕದ ಡೆನ್ವರ್‌ನ ವೈದ್ಯರು ಶಿಶುಗಳ ಹೃದಯ ಕಸಿಗಾಗಿ ಬರೀ 75 ಸೆಕೆಂಡು ಕಾದ ಪ್ರಕರಣಗಳನ್ನು 2008ರಲ್ಲಿ ಪ್ರಕಟಿಸಿದಾಗ ದೊಡ್ಡ ವಿವಾದವೇ ಎದ್ದಿತ್ತು. ಐದು ನಿಮಿಷಕ್ಕೆ ಗಟ್ಟಿಯಾದ ಆಧಾರ ಸಿಕ್ಕಿದ್ದು 2021ರಲ್ಲಿ. ಕೆನಡಾ, ಚೆಕ್ ಗಣರಾಜ್ಯ ಮತ್ತು ನೆದರ್ಲೆಂಡ್ಸ್‌ಗಳ ಐಸಿಯುಗಳಲ್ಲಿ 631 ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ, ಯಂತ್ರದ ದಾಖಲೆ ಪೂರ್ತಿ ಲಭ್ಯವಿದ್ದ 480 ಮಂದಿಯ ಪೈಕಿ ಶೇ 14ರಷ್ಟು ಜನರಲ್ಲಿ ನಿಂತ ಹೃದಯ ಸ್ವಲ್ಪ ಹೊತ್ತು ಮತ್ತೆ ಮಿಡಿದಿತ್ತು. ಹಾಗೆ ಮರುಕಳಿಸಲು ತೆಗೆದುಕೊಂಡ ಅತಿ ದೀರ್ಘ ಅವಧಿ 4 ನಿಮಿಷ 20 ಸೆಕೆಂಡು. ಅವರಲ್ಲಿ ಒಬ್ಬರೂ ಬದುಕಿ ಉಳಿಯಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಹೃದಯ ನಿಂತ ಸುಮಾರು ಹತ್ತು ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ, ಅರ್ಧ ನಿಮಿಷದೊಳಗೆ ಇಇಜಿ ಗೆರೆ ಸಪಾಟಾಗುತ್ತದೆ. ಆದರೆ ಐದು ನಿಮಿಷಕ್ಕೆ ಮಿದುಳಿನ ಜೀವಕೋಶಗಳೆಲ್ಲ ಸತ್ತಿರುವುದಿಲ್ಲ. ಹಾಗಿದ್ದರೂ ಆ ವ್ಯಕ್ತಿ ಮೃತ ಎಂದು ಹೇಳಲು ನಮಗೆ ಅಧಿಕಾರ ಕೊಡುವುದು ಎರಡು ಸಂಗತಿಗಳು: ಹೃದಯ ಇನ್ನು ತಾನಾಗಿ ಮಿಡಿಯುವುದಿಲ್ಲ, ಮತ್ತು ಅದನ್ನು ಮಿಡಿಸಲು ನಾವು ಯತ್ನಿಸುವುದಿಲ್ಲ. ಎನ್‌ಆರ್‌ಪಿ ಈ ಎರಡನೆಯ ಮಾತನ್ನು ಮೀರಿದಂತೆ ಕಾಣುತ್ತದೆ. ರಕ್ತ ಸಂಚಾರ ನಿಂತದ್ದರಿಂದ ಮೃತ ಎಂದು ಘೋಷಿಸಿ, ಅದೇ ರಕ್ತ ಸಂಚಾರವನ್ನು ಮರಳಿ ತಂದರೆ ಘೋಷಣೆಯ ಆಧಾರ ಎಲ್ಲಿ ಉಳಿಯಿತು ಎಂದು ಅಲ್ಲಿನ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2021ರಲ್ಲಿ ಕೇಳಿ, ಈ ವಿಧಾನವನ್ನು ತಡೆಹಿಡಿಯಬೇಕೆಂದು ಕೋರಿತು. ಆ ದೇಶದ 1981ರ ಮಾದರಿ ಕಾನೂನು ರಕ್ತ ಸಂಚಾರ ಮರಳಿ ಬಾರದಂತೆ ನಿಲ್ಲುವುದನ್ನು ಮರಣದ ಒಂದು ಲಕ್ಷಣವಾಗಿ ಹೇಳುವುದರಿಂದ ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ.

ಇದಕ್ಕೆ ಎನ್‌ಆರ್‌ಪಿಯ ಪರವಾಗಿರುವವರು ಕೊಡುವ ಉತ್ತರ ಮಿದುಳಿನ ಮೇಲೆ ನಿಂತಿದೆ. ಮನುಷ್ಯ ಸಾಯುವುದು ಮಿದುಳಿಗೆ ರಕ್ತ ಶಾಶ್ವತವಾಗಿ ನಿಂತಾಗ. ಮಿದುಳನ್ನು ಹೊರಗಿಟ್ಟು ಹೊಟ್ಟೆಗೋ ಎದೆಗೋ ರಕ್ತ ಹರಿಸಿದರೆ ಮರಣದ ಸ್ಥಿತಿ ಬದಲಾಗುವುದಿಲ್ಲ ಎನ್ನುತ್ತಾರೆ ಅವರು. ಕೆನಡಾ 2023ರಲ್ಲಿ ಹೊರತಂದ ಮಾರ್ಗಸೂಚಿ ಮರಣವನ್ನು ಮಿದುಳಿನ ಕಾರ್ಯ ಶಾಶ್ವತವಾಗಿ ನಿಲ್ಲುವುದೆಂದೇ ವ್ಯಾಖ್ಯಾನಿಸಿ ಈ ವಾದಕ್ಕೆ ಬಲ ಕೊಟ್ಟಿತು. ನನಗೂ ಈ ಉತ್ತರ ಒಪ್ಪಿತವೆನಿಸುತ್ತದೆ, ಆದರೆ ಅದಕ್ಕೆ ಒಂದು ಬೆಲೆಯಿದೆ. ವಾದವನ್ನು ಮಿದುಳಿನ ಮೇಲೆ ನಿಲ್ಲಿಸಿದ ಮೇಲೆ ಮಿದುಳಿಗೆ ರಕ್ತ ಹೋಗುತ್ತಿಲ್ಲ ಎಂಬುದನ್ನು ಪ್ರತಿಯೊಬ್ಬ ದಾನಿಯಲ್ಲೂ ತೋರಿಸಬೇಕಾಗುತ್ತದೆ. ಸಾಮಾನ್ಯವಾಗಿ ಹೋಗುವುದಿಲ್ಲ ಎಂದರೆ ಸಾಲದು.

ರಕ್ತವನ್ನು ತಡೆಯುವುದು ಶಸ್ತ್ರಚಿಕಿತ್ಸಕರ ಕೈಯಲ್ಲಿದೆ. ಹೊಟ್ಟೆಗಷ್ಟೇ ರಕ್ತ ಹರಿಸುವ ವಿಧಾನದಲ್ಲಿ, ಎದೆಯಿಂದ ಕೆಳಗಿಳಿಯುವ ಮಹಾಪಧಮನಿಗೆ ಕ್ಲ್ಯಾಂಪ್ ಹಾಕುತ್ತಾರೆ ಅಥವಾ ಅದರೊಳಗೆ ಬಲೂನು ಉಬ್ಬಿಸಿ ಮುಚ್ಚುತ್ತಾರೆ. ಹೃದಯವೂ ಬೇಕಾದಾಗ ಎದೆಗೂ ರಕ್ತ ಹರಿಯಬೇಕಾದ್ದರಿಂದ, ಮಹಾಪಧಮನಿಯ ಕಮಾನಿನಿಂದ ತಲೆ ಮತ್ತು ತೋಳುಗಳ ಕಡೆಗೆ ಹೊರಡುವ ಮೂರು ಕವಲುಗಳನ್ನು ಕಟ್ಟಿಹಾಕುತ್ತಾರೆ. ಪಠ್ಯಪುಸ್ತಕದ ಚಿತ್ರದಲ್ಲಿ ಅಲ್ಲಿಗೆ ದಾರಿ ಮುಚ್ಚಿತು. ಆದರೆ ದೇಹಗಳು ಚಿತ್ರದಂತೆ ಇರುವುದಿಲ್ಲ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎಡ ಕಶೇರು ಅಪಧಮನಿ ನೂರರಲ್ಲಿ ಸುಮಾರು ಐದು ಮಂದಿಯಲ್ಲಿ ನೇರವಾಗಿ ಕಮಾನಿನಿಂದಲೇ ಹುಟ್ಟುತ್ತದೆ. ಮೂರು ಕವಲು ಕಟ್ಟಿದರೆ ಕೆಲಸ ಮುಗಿಯಿತು ಎಂದುಕೊಂಡವರಿಗೆ ಈ ನಾಲ್ಕನೆಯದು ತಪ್ಪಿಹೋಗಬಹುದು. ಅದಲ್ಲದೆ ಬೆನ್ನುಹುರಿಯ ಮುಂದೆ ಉದ್ದಕ್ಕೂ ಸಾಗುವ ಅಪಧಮನಿಗೆ ಕೆಳಗಿನಿಂದ, ಪಕ್ಕೆಲುಬುಗಳ ನಡುವಿನ ಮತ್ತು ಸೊಂಟದ ಭಾಗದ ನಾಳಗಳಿಂದಲೂ ರಕ್ತ ಸೇರುತ್ತದೆ. ಅದರ ಮೇಲ್ತುದಿ ಮಿದುಳು ಕಾಂಡದ ಬುಡದಲ್ಲಿ ಕಶೇರು ಅಪಧಮನಿಗಳನ್ನು ಕೂಡುತ್ತದೆ. ಉಸಿರಾಟದ ಕೇಂದ್ರ ಇರುವುದೂ ಅಲ್ಲಿಯೇ. ಹೀಗೆ ಸುತ್ತುದಾರಿಯಲ್ಲಿ ಏರಿಬರುವ ರಕ್ತ ಅತ್ಯಲ್ಪವಿರಬಹುದು, ಆದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡ ಕೆಲವು ತಂಡಗಳು ಕಟ್ಟಿದ ಕವಲುಗಳ ತಲೆಯ ಕಡೆಯ ತುದಿಯನ್ನು ಕತ್ತರಿಸಿ ತೆರೆದಿಡುತ್ತವೆ. ಗದ್ದೆಗೆ ಬದು ಕಟ್ಟಿದ ಮೇಲೂ ಜಿನುಗುವ ನೀರಿಗೆ ಬಸಿಗಾಲುವೆ ತೋಡಿದಂತೆ, ಮಿದುಳಿನ ತಳದವರೆಗೆ ಏರಿದ ರಕ್ತ ಒತ್ತಡ ಕಡಿಮೆಯಿರುವ ಆ ಬಾಯಿಯ ಕಡೆಗೆ ಹೊರಗೆ ಹರಿದುಹೋಗುತ್ತದೆಯೇ ಹೊರತು ಮಿದುಳಿನ ಅಂಗಾಂಶದೊಳಗೆ ನುಗ್ಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಸರಳ ಕ್ರಮ ಯಾವ ಮಾನಿಟರ್‌ಗಿಂತಲೂ ಮೇಲು, ಏಕೆಂದರೆ ಅದು ತಪ್ಪನ್ನು ಪತ್ತೆಹಚ್ಚುವ ಬದಲು ತಪ್ಪಿಗೆ ಆಸ್ಪದವನ್ನೇ ಕೊಡುವುದಿಲ್ಲ.

ಇನ್ನು ಅಳೆಯುವ ಸಾಧನಗಳ ವಿಷಯ. ಸಾರ್ವಜನಿಕರ ಮನಸ್ಸಿಗೆ ಮೊದಲು ಬರುವುದು ಇಇಜಿ. ನೆತ್ತಿಯ ಮೇಲೆ ಅಂಟಿಸುವ ವಿದ್ಯುದ್ವಾರಗಳು ಮಿದುಳಿನ ಹೊರಪದರದ ವಿದ್ಯುತ್ ಚಟುವಟಿಕೆಯನ್ನು ಹಿಡಿಯುತ್ತವೆ. ಆಳದಲ್ಲಿರುವ ಮಿದುಳು ಕಾಂಡ ಅದಕ್ಕೆ ಬಹುಮಟ್ಟಿಗೆ ಅಗೋಚರ. ರಕ್ತಸ್ರಾವ ನಿಲ್ಲಿಸಲು ಬಳಸುವ ವಿದ್ಯುತ್ ಚಾಕು, ಪಂಪಿನ ಕಂಪನ, ಎದೆಯಲ್ಲಿ ಮತ್ತೆ ಮಿಡಿಯುವ ಹೃದಯದ ಸಂಕೇತ ಇವೆಲ್ಲ ಆ ಸೂಕ್ಷ್ಮ ಗೆರೆಯ ಮೇಲೆ ಬಂದು ಕೂರುತ್ತವೆ. ಅರಿವಳಿಕೆಯ ಆಳವನ್ನು ಒಂದೇ ಸಂಖ್ಯೆಯಲ್ಲಿ ತೋರಿಸುವ ಬಿಐಎಸ್ ಮಾನಿಟರ್ ಇನ್ನೂ ದುರ್ಬಲ. ಹಣೆಯ ಸ್ನಾಯುವಿನ ಚಲನೆ ಮಾತ್ರದಿಂದ ಅದರ ಸಂಖ್ಯೆ ಏರಬಲ್ಲದು, ಮತ್ತು ಅದನ್ನು ರೂಪಿಸಿದ್ದು ಈ ಕೆಲಸಕ್ಕಲ್ಲ. ಹಣೆಯ ಮೇಲೆ ಅಂಟಿಸಿ ಆಮ್ಲಜನಕದ ಮಟ್ಟ ಅಳೆಯುವ ಅವಗೆಂಪು ಸಂವೇದಕ ಮಿದುಳಿನ ಮುಂಭಾಗದ ಮೇಲ್ಪದರವನ್ನಷ್ಟೇ ತಲುಪುತ್ತದೆ, ಚರ್ಮದ ರಕ್ತವನ್ನೂ ಸೇರಿಸಿಕೊಂಡು ಹೇಳುತ್ತದೆ. ಕಣ್ಣು ಮತ್ತು ಕಿವಿಯ ನಡುವಿನ ಕಣತಲೆಯ ಎಲುಬಿನ ಮೂಲಕ ಅಲ್ಟ್ರಾಸೌಂಡ್ ಹಾಯಿಸಿ ಮಿದುಳಿನ ದೊಡ್ಡ ಅಪಧಮನಿಗಳ ಹರಿವನ್ನು ನೇರವಾಗಿ ನೋಡುವ ಡಾಪ್ಲರ್ ಇವುಗಳಿಗಿಂತ ಉತ್ತಮ, ಆದರೆ ಹತ್ತರಲ್ಲಿ ಒಬ್ಬರಿಗೂ ಹೆಚ್ಚು ಮಂದಿಯಲ್ಲಿ ಎಲುಬು ದಪ್ಪವಿದ್ದು ಶಬ್ದತರಂಗ ಒಳಗೆ ದಾಟುವುದಿಲ್ಲ. ನುರಿತ ಕೈಯೂ ಬೇಕು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಆಸ್ಪತ್ರೆಯ ತಂಡ ಬೆರಳೆಣಿಕೆಯ ದಾನಿಗಳಲ್ಲಿ ಡಾಪ್ಲರ್ ಬಳಸಿ, ಎನ್‌ಆರ್‌ಪಿ ನಡೆಯುತ್ತಿದ್ದಾಗ ಮಿದುಳಿಗೆ ರಕ್ತ ಮರಳಲಿಲ್ಲವೆಂದು 2023ರಲ್ಲಿ ವರದಿ ಮಾಡಿತು. ಸ್ಪೇನ್‌ನ ವೈದ್ಯರು ಮಿದುಳಿನ ತಳದ ಅಪಧಮನಿಗಳೊಳಗಿನ ಒತ್ತಡವನ್ನೇ ಅಳೆಯುವ ದಾರಿ ಹಿಡಿದರು. ಬ್ರಿಟನ್ನಿನಲ್ಲಿ ಹೊಟ್ಟೆಯ ವಿಧಾನ ಮುಂದುವರಿದರೂ, ಎದೆಯನ್ನು ಒಳಗೊಂಡ ವಿಧಾನವನ್ನು ಪುರಾವೆ ಸಾಲದೆಂದು ನಿಲ್ಲಿಸಲಾಯಿತು. ಆ ಎಚ್ಚರಿಕೆ ನನಗೆ ಸರಿಯೆನಿಸುತ್ತದೆ.

ಅಲೆಗಿಂತ ಹರಿವಿಗೆ ನಾನು ಒತ್ತು ಕೊಡುವುದಕ್ಕೆ ಕಾರಣ ತರ್ಕದಲ್ಲಿಯೂ ಇದೆ, ಮಿದುಳು ಮರಣದ ಚರಿತ್ರೆಯಲ್ಲಿಯೂ ಇದೆ. ರಕ್ತವೇ ಹೋಗದಿದ್ದರೆ ಚಟುವಟಿಕೆ ಇರಲು ಸಾಧ್ಯವಿಲ್ಲ. ಆದರೆ ಗೆರೆ ಸಪಾಟಾಗಿದೆ ಎಂದಮಾತ್ರಕ್ಕೆ ರಕ್ತ ಹೋಗುತ್ತಿಲ್ಲ ಎಂದಾಗುವುದಿಲ್ಲ. ಆರೋಗ್ಯವಂತ ಮಿದುಳಿನ ಪ್ರತಿ 100 ಗ್ರಾಂಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು 20ಕ್ಕಿಂತ ಕೆಳಗೆ ಇಳಿಯುತ್ತ ಹೋದಂತೆ ಅಲೆಗಳು ಅಡಗುತ್ತವೆ. ಆದರೆ 10ರ ಆಸುಪಾಸಿನವರೆಗೂ ಕೋಶಗಳು ಮೌನವಾಗಿ ಜೀವ ಹಿಡಿದಿರಬಲ್ಲವು. ಪಾರ್ಶ್ವವಾಯು ಪೀಡಿತರಿಗೆ ಬೇಗ ಚಿಕಿತ್ಸೆ ಕೊಟ್ಟರೆ ಫಲ ಸಿಗುವುದು ಈ ನಡುವಿನ ಪ್ರದೇಶದಿಂದಲೇ. ಹಾರ್ವರ್ಡ್ ಸಮಿತಿ 1968ರಲ್ಲಿ ಮಿದುಳು ಮರಣದ ಲಕ್ಷಣಗಳನ್ನು ಪಟ್ಟಿಮಾಡಿದಾಗ ಸಪಾಟು ಇಇಜಿಗೆ ದೃಢೀಕರಣದ ದೊಡ್ಡ ಸ್ಥಾನ ಕೊಟ್ಟಿತ್ತು. 1976ರಲ್ಲಿ ಬ್ರಿಟನ್ ಅದು ಅಗತ್ಯವಿಲ್ಲವೆಂದು ಬಿಟ್ಟಿತು. 2023ರಲ್ಲಿ ಅಮೆರಿಕದ ನರರೋಗ, ಮಕ್ಕಳ ಮತ್ತು ತೀವ್ರ ನಿಗಾ ತಜ್ಞರ ಸಂಘಟನೆಗಳು ಸೇರಿ ಹೊರಡಿಸಿದ ಮಾರ್ಗಸೂಚಿ, ಪೂರಕ ಪರೀಕ್ಷೆಯಾಗಿ ಇಇಜಿಯನ್ನು ಇನ್ನು ಬಳಸಬಾರದೆಂದು ಹೇಳಿ, ಆಂಜಿಯೋಗ್ರಫಿ, ವಿಕಿರಣ ಸಮಸ್ಥಾನಿಗಳ ಸ್ಕ್ಯಾನ್ ಮತ್ತು ವಯಸ್ಕರಲ್ಲಿ ಡಾಪ್ಲರ್ ಮಾತ್ರ ಉಳಿಸಿಕೊಂಡಿತು. ಮೂರೂ ಹರಿವಿನ ಪರೀಕ್ಷೆಗಳು. ಹಾಸಿಗೆಯ ಪಕ್ಕದಲ್ಲಿ ಕೈಬಿಟ್ಟ ಸಾಧನವನ್ನು, ಗದ್ದಲ ಹೆಚ್ಚಿರುವ ಆಪರೇಷನ್ ಥಿಯೇಟರಿನಲ್ಲಿ ಮುಖ್ಯ ಸಾಕ್ಷಿಯನ್ನಾಗಿ ಮಾಡಿಕೊಳ್ಳುವುದು ವಿವೇಕವಲ್ಲ. ಎರಡನೆಯ ಸಾಕ್ಷಿಯಾಗಿ ಇರಲಿ.

ಸಾಯುವ ಮಿದುಳಿನಲ್ಲಿ ಅಲೆಗಳು ಉಕ್ಕುತ್ತವೆ ಎಂಬ ಸುದ್ದಿಗಳೂ ಈ ಚರ್ಚೆಯನ್ನು ಕದಡಿವೆ. ಮಿಷಿಗನ್ ವಿಶ್ವವಿದ್ಯಾಲಯದ ತಂಡವು ವೆಂಟಿಲೇಟರ್ ತೆಗೆದ ನಾಲ್ವರು ರೋಗಿಗಳ ಪೈಕಿ ಇಬ್ಬರಲ್ಲಿ ಗಾಮಾ ಎಂಬ ವೇಗದ ಮಿದುಳಿನ ಅಲೆಗಳು ಏರಿದ್ದನ್ನು 2023ರಲ್ಲಿ ಪ್ರಕಟಿಸಿತು. ಅದು ಹೃದಯ ಇನ್ನೂ ಮಿಡಿಯುತ್ತಿದ್ದ ಹಂತದ ಸಂಗತಿ. ಮರಣ ಘೋಷಣೆಯ ನಂತರದ್ದಲ್ಲ. ನಮ್ಮ ಪ್ರಶ್ನೆಗೆ ಹೆಚ್ಚು ಸಂಬಂಧಪಟ್ಟದ್ದು 2018ರಲ್ಲಿ ಪ್ರಕಟವಾದ ಬರ್ಲಿನ್ ತಂಡದ ಕೆಲಸ. ರಕ್ತ ನಿಂತು ಗೆರೆ ಸಪಾಟಾದ ಮೇಲೆ, ಕೆಲವು ನಿಮಿಷಗಳಲ್ಲಿ, ಕೋಶಗಳ ವಿದ್ಯುತ್ ಚೈತನ್ಯ ಕುಸಿಯುವ ಒಂದು ಅಲೆ ಮಿದುಳಿನಲ್ಲಿ ಹರಡುವುದನ್ನು ಅವರು ಒಂಬತ್ತು ರೋಗಿಗಳಲ್ಲಿ ದಾಖಲಿಸಿದರು. ಆ ಕುಸಿತವೂ ಒಂದು ಅವಧಿಯವರೆಗೆ, ರಕ್ತ ಮರಳಿದರೆ, ಹಿಂದಿರುಗಬಲ್ಲದು. ಅಂದರೆ ಮೌನವಾದ ಮಿದುಳನ್ನು ಮೌನವಾಗಿಯೇ ಇಡುವುದು ರಕ್ತದ ಗೈರುಹಾಜರಿ. ಯೇಲ್ ವಿಶ್ವವಿದ್ಯಾಲಯದ ನೆನಾದ್ ಸೆಸ್ತಾನ್ ಅವರ ತಂಡವು ಕಸಾಯಿಖಾನೆಯಿಂದ ತಂದ ಹಂದಿಗಳ ಮಿದುಳಿಗೆ ಸತ್ತ ನಾಲ್ಕು ಗಂಟೆಗಳ ಬಳಿಕ ವಿಶೇಷ ದ್ರವ ಹರಿಸಿ ಕೆಲವು ಕೋಶಕಾರ್ಯಗಳನ್ನು ಮರಳಿಸಿದ್ದನ್ನು 2019ರಲ್ಲಿ ಪ್ರಕಟಿಸಿದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ಆ ಮಿದುಳುಗಳಲ್ಲಿ ಪ್ರಜ್ಞೆಯನ್ನು ಸೂಚಿಸುವ ಒಟ್ಟಾರೆ ವಿದ್ಯುತ್ ಚಟುವಟಿಕೆ ಕಾಣಲಿಲ್ಲ. ನನಗೆ ಅಲ್ಲಿ ಮುಖ್ಯವೆನಿಸಿದ್ದು ಬೇರೊಂದು ಸಂಗತಿ: ದ್ರವದಲ್ಲಿ ನರಚಟುವಟಿಕೆಯನ್ನು ತಡೆಯುವ ಔಷಧಿ ಇತ್ತು, ಮತ್ತು ಅಂಥ ಚಟುವಟಿಕೆ ಕಂಡರೆ ಕೂಡಲೇ ಅರಿವಳಿಕೆ ಕೊಟ್ಟು ಮಿದುಳನ್ನು ತಣಿಸಿ ಪ್ರಯೋಗ ನಿಲ್ಲಿಸುವ ನಿರ್ಧಾರವನ್ನು ವಿಜ್ಞಾನಿಗಳು ಮೊದಲೇ ಮಾಡಿಕೊಂಡಿದ್ದರು. ಹಂದಿಯ ಮಿದುಳಿಗೆ ಇದ್ದ ಈ ಮುನ್ನೆಚ್ಚರಿಕೆ ಮನುಷ್ಯ ದಾನಿಗೆ ಇಲ್ಲದಿರುವುದು ಸಲ್ಲದು.

ನಿಲ್ಲಿಸುವ ನಿಯಮದ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಪರದೆಯ ಮೇಲೆ ಹರಿವಿನ ಸುಳಿವು ಕಂಡಿತೆನ್ನಿ. ಥಿಯೇಟರಿನಲ್ಲಿ ಮೂರು ನಾಲ್ಕು ತಂಡಗಳು ಕಾದಿವೆ, ಬೇರೆ ಊರಿನಲ್ಲಿ ಅಂಗ ಪಡೆಯುವ ರೋಗಿಗೆ ಅರಿವಳಿಕೆ ಕೊಡುವ ಸಿದ್ಧತೆ ನಡೆದಿದೆ. ಅಂಥ ಗಳಿಗೆಯಲ್ಲಿ, ಇದು ಯಂತ್ರದ ದೋಷವಿರಬಹುದೆ ಎಂದು ಮಾತುಕತೆ ಶುರುವಾಗುವುದಕ್ಕೆ ಎಡೆಯಿರಬಾರದು. ಪಂಪ್ ನಿಲ್ಲಬೇಕು, ಕವಲುಗಳನ್ನು ಮರುಪರಿಶೀಲಿಸಬೇಕು, ಕಾರಣ ಸಿಗದಿದ್ದರೆ ಎನ್‌ಆರ್‌ಪಿಯನ್ನು ಅಲ್ಲಿಗೇ ಕೈಬಿಡಬೇಕು. ನಿಲ್ಲಿಸಿ ಎನ್ನುವ ಅಧಿಕಾರ ಕಸಿ ತಂಡಕ್ಕೆ ಸೇರದ, ಅಂಗಾಂಗ ಸಿಕ್ಕಿದರೂ ಸಿಗದಿದ್ದರೂ ಏನೂ ಪಡೆಯದ ಅಥವಾ ಕಳೆದುಕೊಳ್ಳದ ಒಬ್ಬ ವೈದ್ಯರ ಕೈಯಲ್ಲಿರಬೇಕು. ಸಂಶಯದ ಪರಿಹಾರಕ್ಕೆ ದಾನಿಗೆ ಅರಿವಳಿಕೆ ಕೊಟ್ಟುಬಿಡೋಣ ಎಂಬ ಸಲಹೆಯೂ ಚರ್ಚೆಯಲ್ಲಿದೆ. ಅದರ ಹಿಂದಿನ ಕರುಣೆ ನನಗೆ ಅರ್ಥವಾಗುತ್ತದೆ, ಆದರೂ ಒಪ್ಪಲಾರೆ. ಅರಿವಳಿಕೆಯ ಮದ್ದು ಇಇಜಿಯನ್ನು ತಾನೇ ಸಪಾಟುಗೊಳಿಸಿ ಸಾಕ್ಷ್ಯವನ್ನು ಅಳಿಸುತ್ತದೆ. ಮತ್ತು ಅರಿವಳಿಕೆ ಬೇಕೆನಿಸುವಷ್ಟು ಸಂಶಯವಿದ್ದರೆ ಮುಂದುವರಿಯಲೇ ಬಾರದು.

2025ರ ಜುಲೈನಲ್ಲಿ ಅಮೆರಿಕದ ಆರೋಗ್ಯ ಇಲಾಖೆ ಹೊರಗೆಡಹಿದ ಕೆಂಟಕಿ ಪ್ರಾಂತದ ತನಿಖೆಯನ್ನು ಈ ಚರ್ಚೆಯಲ್ಲಿ ಬೆರೆಸುವವರು ಅನೇಕರು. ದಾನಕ್ಕೆ ಒಪ್ಪಿಗೆ ಸಿಕ್ಕಿಯೂ ಪೂರ್ಣಗೊಳ್ಳದ 351 ಪ್ರಕರಣಗಳನ್ನು ಪರಿಶೀಲಿಸಿದಾಗ 103ರಲ್ಲಿ ಕಳವಳಕಾರಿ ಅಂಶಗಳಿದ್ದವು. 73 ರೋಗಿಗಳಲ್ಲಿ ದಾನಕ್ಕೆ ಹೊಂದದ ನರಸಂಬಂಧಿ ಲಕ್ಷಣಗಳು ಕಂಡಿದ್ದವು. 2021ರ ಒಂದು ಪ್ರಕರಣದಲ್ಲಿ ರೋಗಿ ಎಚ್ಚರಗೊಳ್ಳುತ್ತಿರುವಂತೆ ಕಂಡು, ವೈದ್ಯರು ಮುಂದುವರಿಯಲು ನಿರಾಕರಿಸಿದ್ದರಿಂದ ಪ್ರಕ್ರಿಯೆ ರದ್ದಾಯಿತು. ಆತ ಬದುಕಿ ಮನೆಗೆ ಮರಳಿದರು. ಇವು ಮರಣ ಘೋಷಣೆಗೆ ಮುಂಚಿನ ಲೋಪಗಳು. ಅವನ್ನು ತಡೆಯಲು ಹೊಸ ಯಂತ್ರ ಬೇಕಿರಲಿಲ್ಲ; ರೋಗಿಯ ಸ್ಥಿತಿಯನ್ನು ಮತ್ತೆ ಮತ್ತೆ ಪರೀಕ್ಷಿಸುವ ಕಣ್ಣು ಮತ್ತು ಬೇಡ ಎಂದಾಗ ಕೇಳುವ ಕಿವಿ ಬೇಕಿತ್ತು. ಡ್ರೈವಿಂಗ್ ಲೈಸೆನ್ಸ್ ಪಡೆಯುವಾಗ ದಾನಿಗಳ ಪಟ್ಟಿಗೆ ಸೇರಿದ ಅಮೆರಿಕದ ಕನ್ನಡಿಗರು ಹೆಸರು ತೆಗೆಸುವ ಮೊದಲು ಈ ವ್ಯತ್ಯಾಸವನ್ನು ಗಮನಿಸಬೇಕೆಂದು ಕೋರುತ್ತೇನೆ. ಎನ್‌ಆರ್‌ಪಿಗೆ ಪರ್ಯಾಯಗಳೂ ಬರುತ್ತಿವೆ: ಹೃದಯವನ್ನು ಹೊರತೆಗೆದು ಪೆಟ್ಟಿಗೆಯಂಥ ಯಂತ್ರದಲ್ಲಿ ಮಿಡಿಸುವುದು ಈಗಾಗಲೇ ರೂಢಿಯಲ್ಲಿದೆ, 2025ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಶಿಶುವಿನ ಹೃದಯವನ್ನು ದೇಹದಿಂದ ಹೊರಗೆ ಮೇಜಿನ ಮೇಲೆಯೇ ಮಿಡಿಸಿ ನೋಡಿದ್ದನ್ನೂ, ವಾಂಡರ್‌ಬಿಲ್ಟ್ ತಂಡ ಹೃದಯವನ್ನು ಮಿಡಿಸದೆಯೇ ಆಮ್ಲಜನಕಭರಿತ ತಣ್ಣನೆಯ ದ್ರವದಿಂದ ಕಾಪಾಡಿ ಕಸಿ ಮಾಡಿದ್ದನ್ನೂ ವರದಿ ಮಾಡಿದವು. ಇವುಗಳಲ್ಲಿ ಮಿದುಳಿನ ಪ್ರಶ್ನೆ ಏಳುವುದೇ ಇಲ್ಲ.

ಭಾರತದಲ್ಲಿ ಈ ಚರ್ಚೆಗೆ ಈಗ ಸಮಯ ಬಂದಿದೆ. ಹತ್ತು ಲಕ್ಷ ಜನಸಂಖ್ಯೆಗೆ ಮರಣೋತ್ತರ ದಾನಿಗಳು ಇಲ್ಲಿ ಒಬ್ಬರೂ ಸಿಗುವುದಿಲ್ಲ, ಸ್ಪೇನ್‌ನಲ್ಲಿ 50ರ ಆಸುಪಾಸು ಸಿಗುತ್ತಾರೆ. ನಮ್ಮ ಕಾಯ್ದೆಯಲ್ಲಿ ಮೃತ ವ್ಯಕ್ತಿಯ ವ್ಯಾಖ್ಯಾನವು ಹೃದಯ ಮತ್ತು ಶ್ವಾಸ ನಿಂತ ಮರಣವನ್ನೂ ಒಳಗೊಂಡಿದೆ, ಚಂಡೀಗಢದ ಪಿಜಿಐನಂಥ ಕೆಲವೇ ಸಂಸ್ಥೆಗಳು ಆ ದಾರಿಯಲ್ಲಿ ನಡೆದಿವೆ. ಇದುವರೆಗಿನ ದೊಡ್ಡ ಅಡಚಣೆ ವೆಂಟಿಲೇಟರ್ ತೆಗೆಯುವುದರ ಕಾನೂನು ಗೊಂದಲವಾಗಿತ್ತು. ಘನತೆಯ ಸಾವಿನ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ತೀರ್ಪನ್ನು 2023ರಲ್ಲಿ ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿ, ಆಸ್ಪತ್ರೆಗಳಲ್ಲಿ ಪ್ರಾಥಮಿಕ ಮತ್ತು ದ್ವಿತೀಯ ವೈದ್ಯ ಮಂಡಳಿಗಳ ಏರ್ಪಾಡು ಮಾಡಿತು. ಅದೇ ವರ್ಷದ ನವೆಂಬರ್‌ನಲ್ಲಿ ದೆಹಲಿಯ ದ್ವಾರಕಾದ ಖಾಸಗಿ ಆಸ್ಪತ್ರೆಯೊಂದು, ಹೃದಯ ನಿಂತು ಮರಣ ಘೋಷಿಸಿದ ಬಳಿಕ ಎಕ್ಮೊ ಮೂಲಕ ಹೊಟ್ಟೆಯ ಭಾಗಕ್ಕೆ ರಕ್ತ ಹರಿಸಿ ಅಂಗಾಂಗ ಪಡೆದದ್ದನ್ನು ಪ್ರಕಟಿಸಿತು. ಅಂದಮೇಲೆ ಎನ್‌ಆರ್‌ಪಿ ನಮ್ಮ ಬಾಗಿಲಿಗೆ ಬಂದಾಗಿದೆ, ಬೆಂಗಳೂರಿಗೆ ಬರಲು ಹೆಚ್ಚು ಕಾಲ ಬೇಕಾಗದು.

ಕರ್ನಾಟಕದಲ್ಲಿ ಅಂಗಾಂಗ ಹಂಚಿಕೆಯನ್ನು ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆ ಮತ್ತು ರಾಷ್ಟ್ರಮಟ್ಟದ ಅಂಗಾಂಗ ಕಸಿ ಸಂಸ್ಥೆಯಾದ ನೋಟ್ಟೊ ಈ ಮೊದಲ ಹಂತದಲ್ಲೇ ನಿಯಮ ಬರೆಯಬೇಕು. ಹೊಟ್ಟೆಯ ವಿಧಾನಕ್ಕೆ ಮೊದಲು ಅವಕಾಶ ಕೊಡಲಿ, ಎದೆಯದು ಕಾಯಲಿ. ಕ್ಲ್ಯಾಂಪ್‌ನ ಮೇಲ್ಭಾಗದ ಒತ್ತಡವನ್ನು ಕೈಯ ಅಪಧಮನಿಯಲ್ಲಿ ಸತತವಾಗಿ ಅಳೆದು, ಅಲ್ಲಿ ಮಿಡಿತವೂ ಏರಿಕೆಯೂ ಇಲ್ಲವೆಂಬುದನ್ನು ದಾಖಲಿಸುವುದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಯಾವ ಐಸಿಯುನಲ್ಲಿಯೂ ಇರುವ ಸಾಮಗ್ರಿ ಸಾಕು. ಡಾಪ್ಲರ್ ಬಲ್ಲವರಿರುವಲ್ಲಿ ಅದೂ ಇರಲಿ. ಪ್ರತಿ ಪ್ರಕರಣದ ಅಳತೆಗಳು, ನಿಲ್ಲಿಸಿದ ಪ್ರಕರಣಗಳು ಸೇರಿದಂತೆ, ಹೆಸರಿಲ್ಲದೆ ಪ್ರಕಟವಾಗಲಿ. ವೆಂಟಿಲೇಟರ್ ತೆಗೆಯುವ ನಿರ್ಧಾರ ಮುಗಿದು ಬರಹಕ್ಕೆ ಇಳಿಯುವವರೆಗೆ ದಾನದ ಮಾತನ್ನು ವೈದ್ಯರು ಎತ್ತಬಾರದು, ಕುಟುಂಬದವರೇ ಕೇಳಿದರೆ ಮಾತ್ರ ಉತ್ತರಿಸಬೇಕು. ಒಪ್ಪಿಗೆ ಪತ್ರದಲ್ಲಿ ಈಗ ಸಾಮಾನ್ಯವಾಗಿ ಇರುವ ಅಂಗಾಂಗಗಳ ಪಟ್ಟಿಯ ಜೊತೆಗೆ, ಮರಣದ ನಂತರ ದೇಹದ ಒಂದು ಭಾಗದಲ್ಲಿ ರಕ್ತ ಸಂಚಾರ ಮತ್ತೆ ನಡೆಯುತ್ತದೆ, ಮಿದುಳಿಗೆ ಹೋಗುವ ದಾರಿಯನ್ನು ವೈದ್ಯರು ಉದ್ದೇಶಪೂರ್ವಕವಾಗಿ ಮುಚ್ಚುತ್ತಾರೆ, ಮುಚ್ಚಿದ್ದನ್ನು ಹೀಗೆ ಅಳೆಯುತ್ತಾರೆ ಎಂಬ ವಿವರಣೆ ಮನೆಯವರಿಗೆ ತಿಳಿಯುವ ಕನ್ನಡದಲ್ಲಿ ಇರಬೇಕು, ಮತ್ತು ಈ ಭಾಗವನ್ನು ಮಾತ್ರ ಬೇಡವೆಂದು ಉಳಿದ ದಾನಕ್ಕೆ ಸಹಿ ಹಾಕುವ ಅವಕಾಶ ಅವರಿಗೆ ಸಿಗಬೇಕು.